ಅಂದಾನಗೌಡರ ಬಿಸಿ ರಜೆ

ಕಡಲೆ ಕೀಳುವ ದಿನಗಳು. ಬಿಸಿಲೇರಿದ ಮೇಲೆ ಕಡಲೆಗೆ ಕೈ ಹಾಕಿದರೆ ಒಣಗಿದ ಕಾಯಿ ಹೊಲದಲ್ಲೇ ಸಿಡಿದುಹೋಗುತ್ತದೆ. ಅದಕ್ಕೇ ಇಬ್ಬನಿ ಆರುವುದರೊಳಗೆ ಹೆಣ್ಣುಮಕ್ಕಳೆಲ್ಲ ಸಾಲು ಹಿಡಿದು ಬಗ್ಗಿಬಿಟ್ಟಿರುತ್ತಾರೆ. ಎಲೆಯ ಮೇಲಿನ ಹುಳಿ ಬೆರಳ ಸಂದಿಗೆ ಇಳಿದು ಚುರುಚುರು ಎನ್ನುತ್ತದೆ. ನಾನೂ ಒಂದೆರಡು ಸಾಲು ಕಿತ್ತು, ಆ ಉರಿಯುವ ಕೈಯಲ್ಲೇ ಶಾಲೆಗೆ ಬಂದು ಮಕ್ಕಳ ಅಕ್ಕಿ ಆರಿಸಲು ಕೂರುತ್ತಿದ್ದೆ. ನಾನು ಬಾಳವ್ವ, ಶಾಲೆಯ ಬಿಸಿಯೂಟದವಳು.

ಅಡುಗೆ ಖೋಲಿಯ ಮುಂದೆ ಒಂದು ಬೇವಿನ ಮರ. ಅದರ ಟೊಂಗೆಗೆ ರೈಲು ಕಂಬಿಯ ಒಂದು ತುಂಡು ಕಟ್ಟಿದ್ದಾರೆ. ಅದೇ ನಮ್ಮ ಗಂಟೆ. ರೈಲು ನಮ್ಮ ಊರಿಗೆ ಬರಲೇ ಇಲ್ಲ, ಈ ತುಂಡು ಮಾತ್ರ ಬಂತು. ಜವಾನ ಮೈಲಾರಪ್ಪ ಸಲಾಕೆ ಹಿಡಿದು ಅದಕ್ಕೆ ಹೊಡೆಯುತ್ತಾನೆ. ಅವನು ಇವತ್ತು ಹೊಡೆದದ್ದು ನಾಳೆ ಅದೇ ಹೊತ್ತಿಗೆ ಕೇಳಿಸುತ್ತದೆ. ಅವನು ಹೊಡೆಯುವಾಗ ನಮ್ಮ ಕಿವಿಗೆ ಬೀಳುತ್ತಿರುವುದು ನಿನ್ನೆಯದು. ಹೊಸದಾಗಿ ಬಂದವರಿಗೆ ಇದು ತಿಳಿಯುವುದಿಲ್ಲ. ಒಮ್ಮೆ ತಪಾಸಣೆಗೆಂದು ಬಂದ ಸಾಹೇಬರು, ಗಂಟೆ ನೆಟ್ಟಗಿದೆಯೋ ನೋಡೋಣ ಎಂದು ತಾವೇ ಸಲಾಕೆ ತೆಗೆದುಕೊಂಡು ಬಾರಿಸಿದರು. ಗಂಟೆ ಕಮಕ್ ಕಿಮಕ್ ಎನ್ನಲಿಲ್ಲ. "ಗಂಟೆ ಕೆಟ್ಟಿದೆ, ಬದಲಿಸತಕ್ಕದ್ದು" ಎಂದು ಬರೆದು ಜೀಪು ಹತ್ತಿದರು. ಮರುದಿನ ಅವರ ಏಟುಗಳು ಕೇಳಿಸಿ ಮಕ್ಕಳೆಲ್ಲ ತಾಟು ಹಿಡಿದು ಬಂದು ನಿಂತರು. ನನ್ನ ಒಲೆಯ ಮೇಲೆ ನೀರು ಇನ್ನೂ ಕುದಿ ಬಂದಿರಲಿಲ್ಲ.

ನಮಗೆ ಇದರಿಂದ ತೊಂದರೆ ಏನಿಲ್ಲ, ರೂಢಿಯಾಗಿದೆ. ಶನಿವಾರ ಮೈಲಾರಪ್ಪ ಸಲಾಕೆ ಮುಟ್ಟುವುದಿಲ್ಲ, ಮುಟ್ಟಿದರೆ ಭಾನುವಾರ ಶಾಲೆ ತೆರೆಯಬೇಕಾಗುತ್ತದೆ. ಭಾನುವಾರ ಮಾತ್ರ ಪಾಪ ಅವನೊಬ್ಬನೇ ಬಂದು ಖಾಲಿ ಶಾಲೆಯ ಮುಂದೆ ಸೋಮವಾರದ್ದನ್ನು ಹೊಡೆದು ಹೋಗುತ್ತಾನೆ. ತೊಂದರೆ ಇರುವುದು ಪುಸ್ತಕದಲ್ಲಿ. ಮೂರನೆಯ ಇಯತ್ತೆಯ ಪಾಠವೊಂದರಲ್ಲಿ "ಗಂಟೆ ಬಾರಿಸಿತು, ಮಕ್ಕಳು ಓಡಿದರು" ಎಂದಿದೆ. ಅದನ್ನು ಓದಿದಾಗಲೆಲ್ಲ ಯಾವನಾದರೂ ಒಬ್ಬ ಎದ್ದು, "ಸರ್, ನಿನ್ನೆ ಹೊಡದಾಂವ ಯಾರು? ಅವನ ಹೆಸರ ಹಾಕಿಲ್ಲಲ್ಲ" ಎಂದು ಕೇಳುತ್ತಾನೆ. ಹೆಡ್‌ಮಾಸ್ತರರಾದ ನಾಗನಾಥ ಮಾಸ್ತರರದು ಒಂದೇ ಉತ್ತರ: "ಅದು ಸಾಹಿತ್ಯ, ಕೂತ್ಕೊ. ಸಾಹಿತ್ಯದಾಗ ಹೊಡದ ಕೂಡಲೇ ಕೇಳತೈತಿ."

ಊರಲ್ಲಿ ದೊಡ್ಡವರು ಯಾರಾದರೂ ಸತ್ತರೆ ಶಾಲೆಗೆ ರಜೆ. ಆಗ ಹೊಡೆಯುವುದು ಉದ್ದ ಗಂಟೆ, ತೋಳು ಸೋಲುವವರೆಗೆ ಬಿಡದೆ. ಆದರೆ ಸತ್ತ ಮೇಲೆ ಹೊಡೆದರೆ ಅದು ಕೇಳಿಸುವುದು ಮರುದಿನ. ಅಷ್ಟರಲ್ಲಿ ಮಣ್ಣು ಮುಗಿದು, ಬಂದ ನೆಂಟರು ಬಸ್ಸು ಹತ್ತಿ, ಮನೆಯವರು ಪಾಲಿನ ಮಾತು ಎತ್ತಿರುತ್ತಾರೆ. ಅಂಥದಕ್ಕೆ ನಮ್ಮ ಊರವರು ತಂಗಳ ರಜೆ ಎನ್ನುತ್ತಾರೆ. ಉಸಿರು ನಿಲ್ಲುವುದೂ ಉದ್ದ ಗಂಟೆ ಎದ್ದೇಳುವುದೂ ಒಂದೇ ಹೊತ್ತಿಗೆ ಆದರೆ ಅದು ಬಿಸಿ ರಜೆ. ಅದರ ಗತ್ತೇ ಬೇರೆ. ಅದಕ್ಕೆ ಹಿಂದಿನ ದಿನವೇ ಅಂದಾಜು ಹಿಡಿದು ಹೊಡೆಸಬೇಕು, ಸಾಯುವವರೂ ಮಾತಿಗೆ ತಪ್ಪಬಾರದು. ದೊಡ್ಡ ದೇಸಾಯರು ಹೀಗೆ ಗಂಟೆಯ ಮೊದಲ ಸದ್ದಿಗೇ ಪ್ರಾಣ ಬಿಟ್ಟು ಮೂರು ಹಳ್ಳಿಗಳಲ್ಲಿ ಹೆಸರಾದರು. ಎಂಥ ಪುಣ್ಯವಂತರು ಎಂದು ಜನ ಕೈಮುಗಿದರು. ಅದೇ ಮಧ್ಯಾಹ್ನ ದೇಸಾಯರ ಹಿತ್ತಲಲ್ಲಿ ಒಗೆದ ದಿಂಬಿನ ಗವಸೊಂದು ಒಣಗುತ್ತಿತ್ತು, ಹೆಣ ಎತ್ತುವ ಮೊದಲೇ ದಿಂಬಿನ ಗವಸು ಒಗೆಯುವ ಅವಸರ ಯಾರಿಗಿತ್ತೋ ಎಂದು ಅಗಸರ ತಾಯವ್ವ ನನ್ನ ಕಿವಿಯಲ್ಲಿ ಹೇಳಿದ್ದಳು. ಆಡುವವರ ಬಾಯಿಗೆ ಬಾಗಿಲಿಲ್ಲ. ನಾನು ಕೇಳಿಸಿಕೊಂಡೆ, ಅಷ್ಟೆ.

ಅಂದಾನಗೌಡರ ಮನೆಯ ಹಿತ್ತಲ ಗೋಡೆಯೂ ನಮ್ಮ ಶಾಲೆಯ ಗೋಡೆಯೂ ಒಂದೇ. ಗೌಡರು ಶಾಲೆಗೆ ಕೊಟ್ಟದ್ದು ಆ ಗೋಡೆಯ ನೆರಳು ಮಾತ್ರ. ಪ್ರತಿ ವರ್ಷ ಧ್ವಜ ಏರಿಸುವ ದಿನ ಬಂದು, ಪೇಢೆ ತಿಂದು, "ಬಾಳವ್ವನ ಅಡಿಗಿ ಖೋಲಿಗೆ ಬರೂ ವರ್ಷ ತಗಡು ಹೊದಿಸೇ ಬಿಡ್ತೀನಿ" ಎನ್ನುತ್ತಿದ್ದರು. ನಾನು ಪ್ರತಿ ವರ್ಷ ಚಪ್ಪಾಳೆ ತಟ್ಟುತ್ತಿದ್ದೆ. ಅವರಿಗೆ ಇದ್ದದ್ದು ಒಂದೇ ಆಸೆ, ಬಿಸಿ ರಜೆ. "ನಾ ಎರಡನೇ ಇಯತ್ತೆ ಇದ್ದಾಗ ದೇಸಾಯರ ಮುತ್ಯಾ ಸತ್ತ ನೋಡವಾ" ಎಂದು ಕಟ್ಟೆಯ ಮೇಲೆ ಕೂತು ಹೇಳುವರು. "ಲೆಕ್ಕ ಬಿಡಸಾಕ ನನ್ನ ಎಬ್ಬಿಸಿ ನಿಂದರಿಸಿದ್ರು. ಬರ್ತಿರಲಿಲ್ಲ. ಮಾಸ್ತರ ಛಡಿ ಎತ್ತಿದ್ರು, ಅಷ್ಟರಾಗ ಗಂಟಿ! ಓಡಿದ್ವಿ ನೋಡು, ಹೊಲಕ್ಕ. ಹೊಟ್ಟಿ ಬಿರಿಯೂತನಕ ಸುಲಗಾಯಿ ತಿಂದ್ವಿ. ಅಂಥಾ ದಿನ ಮತ್ತ ಬರಲಿಲ್ಲ. ನನ್ನ ಹೆಸರಿನಾಗೂ ಹುಡುಗರು ಹಂಗ ಓಡಬೇಕು." ಹಸಿ ಕಡಲೆಯ ಕಾಯಿ ನೆನೆದು ಬಾಯಲ್ಲಿ ನೀರೂರಿಸಿಕೊಳ್ಳುತ್ತ ಸಾವಿನ ಮಾತಾಡುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ಒಂದು ವರ್ಷ ಕಡಲೆ ಕೀಳುವ ದಿನಗಳಲ್ಲೇ ಗೌಡರು ಜ್ವರ ಬಂದು ಮಲಗಿದರು. ಮೈಮೇಲಿನ ಎಚ್ಚರ ತಪ್ಪಿತು. ಪಂಡಿತರು ಬಂದು ನಾಡಿ ಹಿಡಿದು, ಚಾವಣಿ ನೋಡಿ, "ನಾಳೆ ಹೊತ್ತೇರೂದು ಕಷ್ಟ" ಎಂದರು. ಅವರು ಅಂಗಳ ದಾಟುವ ಮೊದಲೇ ಮಗ ಶೇಖರಗೌಡ ಶಾಲೆಗೆ ಬಂದ. ಮೈಲಾರಪ್ಪ ನನ್ನ ಒಲೆಯ ಮುಂದೆ ಚಹಾ ಕುಡಿಯುತ್ತಿದ್ದ.

"ಮೈಲಾರ್ಯಾ, ಉದ್ದ ಗಂಟಿ ಹೊಡಿ."

"ಧಣಿ, ಗೌಡ್ರಿನ್ನ..." ಮೈಲಾರಪ್ಪ ಬಟ್ಟಲು ಕೆಳಗಿಟ್ಟ. "ಒಂದ್ ದಿನ ತಡದ ನೋಡೂಣ್ರಿ. ಹೊಡದದ್ದು ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ."

"ತಡದ್ರ ತಂಗಳಾಗತೈತಿ. ದೇಸಾಯರ ಮುಂದ ನಾ ಹೆಂಗ ತಲಿ ಎತ್ತಲಿ? ಪಂಡಿತರು ಹೇಳ್ಯಾರ, ನಾ ಅದೀನಿ. ನೀ ಹೊಡಿ."

ಆ "ನಾ ಅದೀನಿ" ಎಂಬ ಮಾತು ನನ್ನ ಕಿವಿಯಲ್ಲಿ ಕಡಲೆ ಹುಳಿಯಂತೆ ಉಳಿಯಿತು. ಹೆಡ್‌ಮಾಸ್ತರರು ಮಾತ್ರ ಕಣ್ಣರಳಿಸಿ ಹೊರಬಂದರು. ಅವರಿಗೆ ಪದ್ಯ ಕಟ್ಟುವ ಹುಚ್ಚು. ಸತ್ತವರ ಮೇಲೆ ಅವರು ಕಟ್ಟಿದ ಒಂದು ಪದ್ಯವಿತ್ತು. ಹೆಸರು ಬದಲಿಸಿ ಬದಲಿಸಿ ಊರಿನ ಅರ್ಧ ಸ್ಮಶಾನ ಅದರಲ್ಲೇ ಹೋಗಿತ್ತು. "ಗೌಡ್ರಿಗೆ ಹೊಸಾದ ಬರೀತೀನಿ" ಎಂದು ಅವರು ಒಳಗೆ ಹೋದರು. ಮೈಲಾರಪ್ಪ ಸಲಾಕೆ ಎತ್ತಿಕೊಂಡ. ನಿಶ್ಶಬ್ದವಾಗಿ, ಬೆವರು ಸುರಿಸುತ್ತ, ಬಹಳ ಹೊತ್ತು ಹೊಡೆದ. ಬೇವಿನ ಎಲೆಗಳು ಅಲುಗಾಡಿದವು. ಮಕ್ಕಳು ಕಿಟಕಿಯಲ್ಲಿ ಗುಂಪಾಗಿ ನಿಂತು ನೋಡಿ, ನಾಳೆಯ ಆಟ ಹಂಚಿಕೊಂಡರು.

ಮರುದಿನ ಮಾಸ್ತರರು, "ಬಾಳವ್ವ, ಅನ್ನ ಜಲ್ದಿ ಮಾಡು, ಗಂಟಿ ಆದ ಮ್ಯಾಲೆ ಒಬ್ಬನೂ ಉಣ್ಣಾಕ ನಿಲ್ಲಂಗಿಲ್ಲ" ಎಂದಿದ್ದರಿಂದ ನಾನು ಬೇಗನೆ ಇಳಿಸಿಟ್ಟು ಗೌಡರ ಮನೆಗೆ ಹೋದೆ. ಊರಿಗೆ ಊರೇ ಅಲ್ಲಿತ್ತು. ಹೂವಿನವನು ಬುಟ್ಟಿ ಇಳಿಸಿದ್ದ. ಭಜನೆಯವರು ತಾಳಕ್ಕೆ ಹೊಸ ದಾರ ಕಟ್ಟುತ್ತಿದ್ದರು. ದೊಡ್ಡ ದೇಸಾಯರ ಮಗ ಒಳ್ಳೆಯ ಜಾಗ ನೋಡಿ ಕುರ್ಚಿ ಹಾಕಿಸಿಕೊಂಡು, ಆಗಾಗ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಒಳಗೆ ಗೌಡರು ಕಣ್ಣು ಬಿಟ್ಟಿದ್ದರು. ಬೆಳಗಿನ ಜಾವ ಬೆವತು ಜ್ವರ ಇಳಿದಿತ್ತಂತೆ. ಸುದ್ದಿಯನ್ನು ಹೊರಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹಾಸಿಗೆಯ ತಲೆದೆಸೆಯಲ್ಲಿ ಗೌಡರ ಹೆಂಡತಿ ಬಸಲಿಂಗವ್ವ ಕೂತಿದ್ದಳು. ಕಾಯಂ ಕಾಲು ಚಾಚಿ ಗೋಡೆಗೊರಗುವ ಹೆಂಗಸು, ಅವತ್ತು ನೆಟ್ಟಗೆ, ಗೇಣಷ್ಟು ಎತ್ತರದ ಮೇಲೆ ಕೂತಂತಿದ್ದಳು. ನೋಡಿದರೆ ಗೌಡರ ದಿಂಬು ಅವಳ ತೊಡೆಯ ಕೆಳಗಿತ್ತು. ಗೌಡರ ತಲೆ ಬರಿ ಚಾಪೆಯ ಮೇಲಿತ್ತು.

"ಅವ್ವಾ, ಅಪ್ಪಾರಿಗೆ ದಿಂಬ ಕೊಡು, ಕುತಿಗಿ ನೋಯತೈತಿ" ಎಂದ ಶೇಖರಗೌಡ. ಅವನ ಹಣೆಯ ಮೇಲೆ ಬೆವರು ಹನಿದಿತ್ತು.

"ದಿಂಬಿಲ್ಲದ ಮಲಗಿದ್ರ ರಕ್ತ ಚಲೋ ಓಡತೈತಿ" ಎಂದಳು ಬಸಲಿಂಗವ್ವ.

"ನೀನೂ ರಾತ್ರೆಲ್ಲಾ ಕೂತೀದಿ. ಏಳು, ಒಂದ್ ಗಳಿಗಿ ಅಡ್ಡಾಗು. ನಾ ನೋಡ್ಕೋತೀನಿ."

"ನನಗ ಕೂಡೂದ ಆರಾಮ, ಮಗನ. ನೀ ಹೊರಗ ಹೋಗಿ ದೇಸಾಯರನ್ನ ಮಾತಾಡ್ಸು, ಅವರ ಹಸ್ತಗಡಿಯಾರ ಸವದ ಹೋದೀತು."

ಶೇಖರಗೌಡ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಆತು ನಿಂತ. ಅವನು ಕೆಟ್ಟವನಲ್ಲ, ಎತ್ತಿಗೆ ಕೂಡ ಬಾರುಕೋಲು ಎತ್ತಿದವನಲ್ಲ. ಆದರೆ ಹೊರಗೆ ಊರು ಕಾಯುತ್ತಿತ್ತು. ಅಂಥ ಹೊತ್ತಿನಲ್ಲಿ ಮೆತ್ತನೆಯ ಮನುಷ್ಯರಿಗೇ ಹೆದರಬೇಕು.

ಅಷ್ಟರಲ್ಲಿ ಗೌಡರು, "ಹಸಿವು" ಎಂದರು. ಬಸಲಿಂಗವ್ವ ನನ್ನ ಕಡೆ ನೋಡಿದಳು. "ಬಾಳೀ, ಸೂತಕದ ಮನಿ ಆಗತೈತಿ ಅಂತ ನಸುಕಿನ್ಯಾಗ ಒಲಿ ಆರಿಸ್ಯಾರ. ನಾ ಇಲ್ಲಿಂದ ಏಳಂಗಿಲ್ಲ. ನಿನ್ನ ಹತ್ರ ಏನರ ಐತೇನು?"

ನಾನು ಹಿತ್ತಲಿಂದ ಓಡಿದೆ. ಶಾಲೆಯ ತಾಟೊಂದರಲ್ಲಿ ಅನ್ನ ಸಾರು ಕಲಸಿ ತಂದೆ. ಗೌಡರು ಎದ್ದು ಕೂತು, ಮಕ್ಕಳು ತಿನ್ನುವ ಹಾಗೆ ತಾಟನ್ನು ತೊಡೆಯ ಮೇಲಿಟ್ಟುಕೊಂಡು, ತುತ್ತಿನ ಮೇಲೆ ತುತ್ತು ಹಾಕಿದರು. "ಉಪ್ಪು ಕಡಿಮಿ ಆಗೇದವಾ" ಎಂದರು. ಅದೇ ಗಳಿಗೆಗೆ ಉದ್ದ ಗಂಟೆ ಶುರುವಾಯಿತು.

ಮೈಲಾರಪ್ಪ ಹಿಂದಿನ ದಿನ ಸುರಿಸಿದ ಬೆವರಷ್ಟೂ ಅದರಲ್ಲಿತ್ತು. ಗೋಡೆ ಅದುರಿತು. ಶೇಖರಗೌಡ ಒಂದು ಹೆಜ್ಜೆ ಒಳಗೆ ಇಟ್ಟ. ಬಸಲಿಂಗವ್ವ ದಿಂಬಿನ ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದಳು. ಅವನನ್ನು ನೋಡಲಿಲ್ಲ, ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಅವನು ಅಲ್ಲೇ ನಿಂತ. ಹೊರಗೆ ಯಾರೋ ಹೆಂಗಸು ತಡೆಯಲಾರದೆ ಅಳಲು ಶುರುಮಾಡಿ, ಯಾರೋ ಗದರಿಸಿದ್ದಕ್ಕೆ ನಡುವೆ ನಿಲ್ಲಿಸಿದಳು. ಗೌಡರು ತುತ್ತನ್ನು ಬಾಯ ಹತ್ತಿರ ಹಿಡಿದು ಕೇಳಿಸಿಕೊಂಡರು.

"ಉದ್ದ ಗಂಟಿ! ಯಾರು ಹೋದ್ರು?"

ಬಸಲಿಂಗವ್ವನೇ ಹೇಳಿದಳು: "ನೀವ ರೀ."

ಗೌಡರು ನಕ್ಕರು. ನಕ್ಕು, ಮಗನ ಮುಖ ನೋಡಿದರು. ಆಮೇಲೆ ಹೆಂಡತಿ ಕೂತಿದ್ದ ದಿಂಬನ್ನು ನೋಡಿದರು. ನಗು ಅರ್ಧಕ್ಕೆ ನಿಂತಿತು. ಆ ಕಡೆ ಶಾಲೆಯಲ್ಲಿ ನಾಗನಾಥ ಮಾಸ್ತರರು "ಹೋದೆಯಾ ಗೌಡಾ ಹೋದೆಯಾ, ಊರ ದೀಪವ ನಂದಿಸಿ ಹೋದೆಯಾ" ಎಂದು ಓದಲು ಶುರುಮಾಡಿದ್ದರು. ಮಕ್ಕಳು ಎರಡನೆಯ ಸಾಲಿಗೆ ಕಾಯಲಿಲ್ಲ. ಹೋ ಎಂದು ಕೂಗುತ್ತ ಗೌಡರ ಮನೆಯ ಮುಂದೆಯೇ ಹಾದು, ತಡವಾಗಿ ಬಿತ್ತಿದ್ದರಿಂದ ಇನ್ನೂ ಹಸಿರಾಗಿದ್ದ ಗೌಡರದೇ ಕಡಲೆ ಹೊಲಕ್ಕೆ ನುಗ್ಗಿದರು. ಕೇಳುವವರಾರು? ಹೊಲದ ಯಜಮಾನ ಸತ್ತಿದ್ದ. ಗೌಡರು ಕಿವಿಗೊಟ್ಟು ಆ ಗದ್ದಲ ದೂರವಾಗುವವರೆಗೂ ಕೇಳಿದರು. "ಓಡಿದ್ರು ನೋಡು" ಎಂದರು ಮೆಲ್ಲಗೆ. ಮತ್ತೆ ಊಟ ಮುಂದುವರಿಸಿದರು.

ಹೂವಿನವನು ಬುಟ್ಟಿ ಎತ್ತಿಕೊಂಡು ಹೋದ. ದೇಸಾಯರ ಮಗ ಎದ್ದು ಶಲ್ಯ ಕೊಡವಿ, "ಸಂತೋಷದ ಸುದ್ದಿ, ಬಾಳ ಸಂತೋಷ" ಎಂದು ಹಲ್ಲು ಕಾಣದಂತೆ ನಕ್ಕ. ಶೇಖರಗೌಡ ಹಿಂಬಾಗಿಲಿನಿಂದ ಹೊರಟವನು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ.

ಅಲ್ಲಿಂದ ಶುರುವಾಯಿತು ಗೌಡರ ಫಜೀತಿ. ರಜೆ ತಿಂದಾಗಿತ್ತು, ಸಾವು ಬಂದಿರಲಿಲ್ಲ. ಊರು ಅದನ್ನು ಸಾಲ ಎಂದೇ ಹಿಡಿಯಿತು. ಗೌಡರು ಕಟ್ಟೆಯ ಮೇಲೆ ಕೂತರೆ ಹುಡುಗರು, "ಗೌಡಜ್ಜಾ, ನಾವು ರಜಾ ತಗೊಂಡೀವಿ, ನೀ ಯಾವಾಗ ಹೊಂಟಿ?" ಎಂದು ಕೂಗಿ ಓಡುವರು. ದೊಡ್ಡವರು ಕೂಗುತ್ತಿರಲಿಲ್ಲ, ಎದುರಾದರೆ "ಇನ್ನೂ ಅದೀರಿ?" ಎಂದು ವಿಚಾರಿಸುವರು. ನಾಗನಾಥ ಮಾಸ್ತರರಿಗಂತೂ ಸಿಟ್ಟೇ. ಹೊಸದಾಗಿ ಕಟ್ಟಿದ ಪದ್ಯ ಬಳಸಿದಂತೆಯೂ ಅಲ್ಲ, ಬಳಸದಂತೆಯೂ ಅಲ್ಲ. ಬೇರೆ ಹೆಣಕ್ಕೆ ಹಾಕಲು ಬರುವಂತಿರಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಗೌಡರಿಗೆ ಸಾಕಾಯಿತು. ಶಾಲೆಯ ಕಮಿಟಿಯ ಮುಂದೆ ಬಂದು ನಿಂತರು. "ಆ ರಜಾ ವಾಪಸ್ ತಗೋರಿ. ನನ್ನ ಸಾವಿಗೆ ನನ್ನ ಬಿಸಿ ರಜಾ ನನಗ ಉಳಸ್ರಿ."

"ತಿಂದ ಸುಲಗಾಯಿ ವಾಪಸ್ ಹೆಂಗ ತಗೊಳ್ಳೂದ್ರಿ, ಗೌಡ್ರ?" ಎಂದ ದೇಸಾಯರ ಮಗ. ಕಮಿಟಿಗೆ ಅವನೇ ಅಧ್ಯಕ್ಷ.

"ಒಂದ್ ಭಾನುವಾರ ಶಾಲಿ ತೆರೀರಿ. ಹುಡುಗರು ಕಳದ ಹೊತ್ತು ಕೂಡ್ಲಿ. ಸಮ ಆತು."

ಕಮಿಟಿ ಒಪ್ಪಿತು. ಒಪ್ಪುವುದಕ್ಕೆ ಖರ್ಚಿಲ್ಲವಲ್ಲ. ಶನಿವಾರ ಮೈಲಾರಪ್ಪ, "ನನ್ನ ರಜಾ ಕಳೀತು, ಇದನ್ನ ಯಾರ ಸತ್ತು ಕೊಡ್ತೀರಿ?" ಎಂದು ಗೊಣಗುತ್ತ ಹೊಡೆದ. ಭಾನುವಾರ ಗಂಟೆ ಕೇಳಿಸಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಮಕ್ಕಳೆಲ್ಲ ಕೆರೆಯಲ್ಲಿ ಎಮ್ಮೆಗಳ ಜೊತೆಗಿದ್ದರು. ಬಂದವರು ಗೌಡರೊಬ್ಬರೇ. ಬಿಳಿ ಅಂಗಿ, ರುಮಾಲು, ಕೈಯಲ್ಲಿ ಮೊಮ್ಮಗನ ಪಾಟಿ. ಎರಡನೆಯ ಇಯತ್ತೆಯ ಮಣೆಯ ಮೇಲೆ ಮೊಣಕಾಲು ಮಡಚಲಾರದೆ ಮಡಚಿ ಕೂತರು. "ಮಾಸ್ತರ, ಯಾರೂ ಬರದಿದ್ರ ನಾನ ಕೂಡ್ತೀನಿ. ಕಲಸ್ರಿ."

ನಾಗನಾಥ ಮಾಸ್ತರರಿಗೆ ಬೇರೇನೂ ತೋಚದೆ ಆ ಪದ್ಯವನ್ನೇ ಕಲಿಸಿದರು. ಗೌಡರು ತಮ್ಮ ಸಾವಿನ ಪದ್ಯವನ್ನು ಪಾಟಿಯ ಮೇಲೆ ಅಕ್ಷರ ಅಕ್ಷರವಾಗಿ ಬರೆದುಕೊಂಡರು.

"ಅಲ್ರಿ ಮಾಸ್ತರ, ಹೋದೆಯಾ ಅಂತ ಏಕವಚನ ಹಚ್ಚೀರಲ್ಲ?"

"ಸತ್ತ ಮ್ಯಾಲೆ ಎಲ್ಲಾರೂ ಅಷ್ಟ ರೀ, ಗೌಡ್ರ."

"ಹಂಗಾದ್ರ ಇರಲಿ. ಆದರ ದೀಪ ನಾ ಯಾಕ ನಂದಿಸ್ಲಿ? ಊರ ದೀಪ ಯಾವತ್ತೂ ನಾ ಹಚ್ಚೇ ಇಲ್ಲಲ್ಲ."

ಅವರು ಆ ಮಾತನ್ನು ಚೇಷ್ಟೆಗೆ ಆಡಿದರೋ ನಿಜಕ್ಕೋ ನನಗೆ ತಿಳಿಯಲಿಲ್ಲ. ಊಟದ ಹೊತ್ತಿಗೆ ನಾನು ಅವರೊಬ್ಬರಿಗೇ ಪುಟ್ಟ ಪಾತ್ರೆಯಲ್ಲಿ ಅನ್ನ ಮಾಡಿ ಬಡಿಸಿದೆ. ಬಗ್ಗಿದಾಗ ಅವರು ಮೆಲ್ಲಗೆ, "ಬಾಳವ್ವ, ಅವತ್ತು ನೀ ತಾಟ ತರದಿದ್ರ..." ಎಂದು ಶುರುಮಾಡಿ, ಮುಗಿಸದೆ, "ಇವತ್ತ ಉಪ್ಪು ಬರೋಬರಿ ಐತಿ" ಎಂದರು. ಕಡೆಯ ಗಂಟೆಯವರೆಗೂ ಕೂತು, ಮಾಸ್ತರರಿಗೆ ನಮಸ್ಕಾರ ಮಾಡಿ ಹೋದರು. ಮರುವಾರ ಕಮಿಟಿ ಕೂಡಿ, ಒಬ್ಬ ಮುದುಕ ಕೂತದ್ದು ಇಡೀ ಶಾಲೆ ಕೂತದ್ದಕ್ಕೆ ಸಮವಾಗುವುದಿಲ್ಲ, ಸಾಲ ಹಾಗೆಯೇ ಇದೆ ಎಂದು ತೀರ್ಮಾನಿಸಿತು. ಏಳದೆ ಕೂತು ಪೂರ್ತಿ ಬೇಸರಪಟ್ಟವರು ಅವರೊಬ್ಬರೇ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇನ್ನೊಂದು ಕಡಲೆ ಸುಗ್ಗಿ ಹೋಗಿ ಮತ್ತೊಂದು ಬಂತು. ಒಂದು ಮುಂಜಾನೆ ಇಬ್ಬನಿಯಲ್ಲಿ ಹೊಲದ ಬದುವಿನ ಮೇಲೆ ಕೂತ ಗೌಡರು ಹಾಗೆಯೇ ವಾಲಿದರು. ಮುಷ್ಟಿಯಲ್ಲಿ ಅರ್ಧ ಸುಲಿದ ಹಸಿ ಕಾಯಿ ಇತ್ತು. ಪಂಡಿತರು ಬರಲಿಲ್ಲ, ಅಂದಾಜು ಹಿಡಿಯಲಿಲ್ಲ, ಯಾವ ಗಂಟೆಯೂ ಹೊಡೆದಿರಲಿಲ್ಲ. ಮಣ್ಣು ಮುಗಿಸಿ ಬಂದ ಶೇಖರಗೌಡ ತಂಗಳ ರಜೆಯಾದರೂ ಸಿಗಲಿ ಎಂದು ಕಮಿಟಿಯನ್ನು ಕೇಳಿದ. "ಒಬ್ಬರಿಗೆ ಒಂದ ರಜಾ, ತಮ್ಮಾ. ನಿಮ್ಮಪ್ಪನದು ಮೊದಲ ಖರ್ಚಾಗೇತಿ" ಎಂದ ದೇಸಾಯರ ಮಗ. ಆ ಸಂಜೆ ಅಂಗಡಿ ಕಟ್ಟೆಯ ಮೇಲೆ, ಅಂತೂ ಗೌಡರು ಸಾಲ ತೀರಿಸಿದರು, ಕೊಟ್ಟ ಮಾತು ತಡವಾದರೂ ನಡೆಸಿದರು ಎಂದು ಜನ ಮೆಚ್ಚಿಕೊಂಡರು. ಬದುಕಿದ್ದಾಗ ಯಾರೂ ಅವರನ್ನು ಅಷ್ಟು ಮೆಚ್ಚಿರಲಿಲ್ಲ.

ಮರುದಿನ ಶಾಲೆ ಎಂದಿನಂತೆ ನಡೆಯಿತು. ನಾನು ಬೆಂದ ಅನ್ನ ಒಲೆಯಿಂದ ಇಳಿಸುತ್ತಿದ್ದೆ. ಬಸಲಿಂಗವ್ವ ಹಿತ್ತಲ ಗೋಡೆಯ ಸಂದಿಯಿಂದ ಬಂದಳು. ಸೂತಕದವಳು ಹೊರಗೆ ಬರಬಾರದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಸೆರಗಿನ ಒಳಗಿಂದ ಒಂದು ತಾಟು ತೆಗೆದು ನನ್ನ ಮುಂದಿಟ್ಟಳು. ಶಾಲೆಯ ತಾಟು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು, ಮುಖ ಕಾಣುವಂತಿತ್ತು.

"ಅವತ್ತಿಂದು. ಅವರು ಇರೂತನಕ ಅದರಾಗ ಉಂಡ್ರು, ಬ್ಯಾರೆದು ಮುಟ್ಟಲಿಲ್ಲ. ಕೊಡಾಕ ಆಗಲಿಲ್ಲ. ತಗೋ, ಶಾಲಿ ಋಣ ಹರೀತು."

ಅನ್ನದ ಗಂಜಿ ಬಸಿದೆ. ಹೇಳಬಾರದ್ದೇ ಬಾಯಿಗೆ ಬಂತು. "ಮತ್ತ ಆ ದಿಂಬು, ಅವ್ವಾರ? ಅದನ್ನೂ ಕೊಡ್ರಿ, ಒಲಿಗೆ ಹಾಕಿಬಿಡ್ತೀನಿ."

ಬಸಲಿಂಗವ್ವ ಗೋಡೆಯ ಆ ಕಡೆ, ತನ್ನ ಮನೆಯ ಕಡೆ, ಒಂದು ಗಳಿಗೆ ನೋಡಿದಳು. ಅಂಗಳದಲ್ಲಿ ಶೇಖರಗೌಡ ಬಂದವರಿಗೆ ಚಹಾ ಕೊಡಿಸುತ್ತಿದ್ದ.

"ಬ್ಯಾಡ" ಎಂದಳು. "ನಾ ಇನ್ನ ಅದೀನಲ್ಲ. ಅದರ ಮ್ಯಾಲೆ ಕೂತ ರೂಢಿ ಆಗೇತಿ." ಹೋಗುತ್ತ, ಬೇವಿನ ಮರದ ಕೆಳಗೆ ಸಲಾಕೆ ಹಿಡಿದು ನಿಂತಿದ್ದ ಮೈಲಾರಪ್ಪನಿಗೆ ಕೇಳುವಂತೆ ಅಂದಳು: "ನನ್ನ ಹೆಸರೀಲೆ ಯಾರು ಬಂದು ಹೇಳಿದ್ರೂ, ನಾ ಬಂದು ಹೇಳೂತನಕ ಉದ್ದ ಗಂಟಿ ಹೊಡೀಬ್ಯಾಡಪಾ."

ಮೈಲಾರಪ್ಪ ತಲೆಯಾಡಿಸಿ ಸಲಾಕೆ ಎತ್ತಿದ. ನಿನ್ನೆಯ ಏಟು ಕೇಳಿಸಿತು. ನಾನು ಆ ತಾಟನ್ನು ಉಳಿದವುಗಳ ಜೊತೆ ಇಟ್ಟೆ. ಮಕ್ಕಳು ಬಂದು ತಾಟು ಎತ್ತಿಕೊಂಡರು. ಒಂದು ತಾಟು ಬಹಳ ಹೊಳೆಯುತ್ತಿತ್ತು, ಅದಕ್ಕಾಗಿ ಇಬ್ಬರು ಜಗಳವಾಡಿದರು.